ಟೋಕನ್ ಕೊಟ್ಟ ಮೇಲೆ ಕಾಗದ ತರುವವರಿಗೆ
ಆಸ್ತಿ ವ್ಯವಹಾರಗಳ ವಕೀಲರ ಉತ್ತರಗಳು

ಪ್ರಶ್ನೆ: ನಾವಿಬ್ಬರೂ ಉದ್ಯೋಗಿಗಳು. 18 ಲಕ್ಷ ರೂಪಾಯಿ ಉಳಿತಾಯವಿದೆ. ಬೆಂಗಳೂರಿನಲ್ಲಿ 80 ಲಕ್ಷದೊಳಗೆ ಹಳೆಯ ಫ್ಲ್ಯಾಟ್ ಕೊಳ್ಳುವ ಯೋಚನೆಯಿದೆ. ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು? ಒಂದು ಮನೆ ಇಷ್ಟವಾಗಿದ್ದು, ದಲ್ಲಾಳಿ ಈ ವಾರವೇ ಒಂದು ಲಕ್ಷ ಟೋಕನ್ ಕೇಳುತ್ತಿದ್ದಾರೆ.

ಉತ್ತರ: ಅಂಕಿಗಳು ಮಾತ್ರ ಬದಲಾಗಿ ಈ ಪ್ರಶ್ನೆ ನನಗೆ ಪ್ರತಿ ತಿಂಗಳೂ ಬರುತ್ತದೆ, ಟೋಕನ್ನಿನ ಮಾತು ಪ್ರತಿ ಸಲವೂ ಕೊನೆಯ ಸಾಲಿನಲ್ಲಿರುತ್ತದೆ. ನೀವು ಇನ್ನೂ ಕೊಟ್ಟಿಲ್ಲ ಎಂಬುದೊಂದೇ ಸಮಾಧಾನ. ಹುಡುಕಾಟವನ್ನು ಮನೆ ನೋಡುವುದರಿಂದ ಆರಂಭಿಸಿದ್ದೇ ನಿಮ್ಮ ತಪ್ಪು. ಮನಸ್ಸು ಒಂದು ಬಾಲ್ಕನಿಗೆ ಒಲಿದ ಮೇಲೆ ಲೆಕ್ಕವೂ ಅದಕ್ಕೆ ತಕ್ಕಂತೆ ಬಾಗುತ್ತದೆ.

ಮೊದಲು ಲೆಕ್ಕ ನೋಡೋಣ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲವು ಮನೆಯ ಮೌಲ್ಯದ ಶೇ 80ನ್ನು ಮೀರುವಂತಿಲ್ಲ, ಮತ್ತು ಮುದ್ರಾಂಕ ಹಾಗೂ ನೋಂದಣಿ ಶುಲ್ಕಗಳನ್ನು ಆ ಮೌಲ್ಯಕ್ಕೆ ಸೇರಿಸಿಕೊಳ್ಳುವಂತೆಯೂ ಇಲ್ಲ. ಅಂದರೆ 80 ಲಕ್ಷದ ಮನೆಗೆ 16 ಲಕ್ಷ ನಿಮ್ಮ ಕೈಯಿಂದಲೇ ಹೋಗಬೇಕು. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ಮುದ್ರಾಂಕ ಶುಲ್ಕ ಶೇ 5.6, 2025ರ ಆಗಸ್ಟ್ ಕೊನೆಯಲ್ಲಿ ದುಪ್ಪಟ್ಟಾದ ನೋಂದಣಿ ಶುಲ್ಕ ಶೇ 2. ಎರಡೂ ಸೇರಿದರೆ 6 ಲಕ್ಷದ 8 ಸಾವಿರ. ದಲ್ಲಾಳಿ, ವಕೀಲ, ಬಡಗಿ ಇವರ್ಯಾರೂ ಇನ್ನೂ ಲೆಕ್ಕಕ್ಕೆ ಬಂದಿಲ್ಲ, ಆಗಲೇ 22 ಲಕ್ಷ ದಾಟಿತು. ಉಳಿತಾಯದಲ್ಲಿ 2 ಲಕ್ಷವನ್ನು ಮುಟ್ಟದೆ ಬದಿಗಿಟ್ಟು ಉಳಿದ 16 ಲಕ್ಷದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ನಿಮಗೆ ಎಟುಕುವ ಮನೆಯ ಬೆಲೆ ಸುಮಾರು 58 ಲಕ್ಷ. ನನ್ನನ್ನು ಕೇಳಿದರೆ ಅದಕ್ಕಿಂತಲೂ ಕೆಳಗೇ ನಿಲ್ಲಿ. ವೈಯಕ್ತಿಕ ಸಾಲ ತಂದು ಅಂತರ ತುಂಬಿಸಿಕೊಳ್ಳಿ ಎನ್ನುವವರು ಕಂತು ಕಟ್ಟಲು ಬರುವುದಿಲ್ಲ. ಒಂದಿಷ್ಟನ್ನು ನಗದಾಗಿ ಕೊಟ್ಟು ಪತ್ರದಲ್ಲಿ ಕಡಿಮೆ ಬೆಲೆ ತೋರಿಸೋಣ ಎಂಬ ಮಾತು ಬಂದರೆ ಅಲ್ಲಿಂದ ಎದ್ದುಬನ್ನಿ: ಅದು ಕಾನೂನುಬಾಹಿರ ಎಂಬುದಿರಲಿ, ಪತ್ರದಲ್ಲಿ ಕಾಣದ ಹಣಕ್ಕೆ ಬ್ಯಾಂಕ್ ಸಾಲವನ್ನೂ ಕೊಡುವುದಿಲ್ಲ.

ಬೆಲೆ ನಿರ್ಧಾರವಾದ ಮೇಲೂ ಮನೆಗಿಂತ ಮೊದಲು ಕಾಗದ ನೋಡಬೇಕು. ಮಾರುವವರ ಕ್ರಯಪತ್ರ, ಅದಕ್ಕೆ ಮೂಲವಾದ ಹಿಂದಿನ ಪತ್ರಗಳು, ಇ-ಖಾತೆ (ಪಾಲಿಕೆಯ ಆಸ್ತಿ ತೆರಿಗೆ ದಾಖಲೆ), ಮಂಜೂರಾದ ನಕ್ಷೆ, ಸ್ವಾಧೀನಾನುಭವ ಪತ್ರ, ಇವುಗಳ ಜೆರಾಕ್ಸ್ ಕೇಳಿ. ಕೊಡಲು ಹಿಂಜರಿಯುವವರ ಮನೆಯನ್ನು ನೋಡಲೂ ಹೋಗಬೇಡಿ. ಸ್ವಾಧೀನಾನುಭವ ಪತ್ರ, ಅಂದರೆ ಕಟ್ಟಡ ನಕ್ಷೆಯಂತೆ ಇದ್ದು ವಾಸಕ್ಕೆ ಯೋಗ್ಯವೆಂದು ಪಾಲಿಕೆ ಕೊಡುವ, ಎಲ್ಲರೂ ಓಸಿ ಎನ್ನುವ ಕಾಗದ, ಬರೀ ಔಪಚಾರಿಕತೆ ಎನ್ನುವ ದಲ್ಲಾಳಿಗಳು ಈಗಲೂ ಇದ್ದಾರೆ. ಅದಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿಯೇ ಹೇಳಿದೆ.

ಋಣಭಾರ ಪ್ರಮಾಣಪತ್ರವನ್ನು (ಇಸಿ) ಮಾರುವವರಿಂದ ಪಡೆಯದೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೀವೇ ತೆಗೆಸಿ. ಹಳೆಯ ವರ್ಷಗಳಿಗೆ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಬೇಕಾದೀತು. 30 ವರ್ಷದ್ದು ಸಾಕೆಂದು ಸಾಮಾನ್ಯವಾಗಿ ಹೇಳುತ್ತಾರೆ. ನಾನು ಫ್ಲ್ಯಾಟಿಗೂ ಅದು ನಿಂತಿರುವ ಜಮೀನಿನ ಮೊದಲ ಪತ್ರದವರೆಗೆ ಹೋಗುತ್ತೇನೆ, ಕಿರಿಯ ವಕೀಲರು ನಗುತ್ತಾರೆ, ನಗಲಿ. ಈ ಪ್ರಮಾಣಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಾಯಿಸದ ಕರಾರು, ಪೆಟ್ಟಿಗೆಯಲ್ಲಿರುವ ಉಯಿಲು, ಪಾಲಿಗಾಗಿ ಹೂಡಿದ ದಾವೆ ಅಲ್ಲಿ ಕಾಣದೇ ಇರಬಹುದು. ಪಿತ್ರಾರ್ಜಿತ ಆಸ್ತಿಯಾಗಿದ್ದರೆ ಮನೆಯ ಹೆಣ್ಣುಮಕ್ಕಳು ಸಹಿ ಹಾಕಿದ್ದಾರೆಯೇ ಎಂದು ಕೇಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಅವರಿಗೆ ಗಂಡುಮಕ್ಕಳಷ್ಟೇ ಹಕ್ಕಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೂ ತಂಗಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ ಎಂಬ ಉತ್ತರವನ್ನು ನಾನು ಇಂದಿಗೂ ಕೇಳುತ್ತಿದ್ದೇನೆ.

ಇಷ್ಟಾದ ಮೇಲೆ ಮನೆ ನೋಡಿ, ಸಾಧ್ಯವಾದರೆ ಮಳೆ ಬಂದ ಮರುದಿನ. ಅಲ್ಲಿರುವವರನ್ನು ಏಪ್ರಿಲ್ ತಿಂಗಳಲ್ಲಿ ಎಷ್ಟು ಟ್ಯಾಂಕರ್ ನೀರು ತರಿಸಿದರೆಂದು ಕೇಳಿ. ಇನ್ನು ಟೋಕನ್: ಕಾಗದ ಸರಿಯಿಲ್ಲದಿದ್ದರೆ ಪೂರ್ತಿ ಹಣ ಇಂತಿಷ್ಟು ದಿನದಲ್ಲಿ ವಾಪಸ್ ಎಂದು ಮಾಲೀಕರೇ ಸಹಿ ಹಾಕಿದ ಬರಹವಿದ್ದರೆ, ಅವರ ಬ್ಯಾಂಕ್ ಖಾತೆಗೇ ಚೆಕ್ ಮೂಲಕ ಕೊಡಿ. ದಲ್ಲಾಳಿಯ ಕೈಗೆ ಬೇಡ.

ಪ್ರಶ್ನೆ: ಮನೆಯ ಖಾತೆ ಮಾರುವವರ ಹೆಸರಿನಲ್ಲಿಯೇ ಇದೆ. ಇನ್ನೇನು ನೋಡಬೇಕು?

ಉತ್ತರ: ಎಲ್ಲವನ್ನೂ. ಖಾತೆ ಎಂಬುದು ತೆರಿಗೆಯ ದಾಖಲೆ, ಮಾಲೀಕತ್ವದ ಪತ್ರವಲ್ಲ.

ಪ್ರಶ್ನೆ: ಬ್ಯಾಂಕ್ ಸಾಲ ಮಂಜೂರು ಮಾಡಿದೆಯಾದ್ದರಿಂದ ಕಾಗದಗಳು ಸರಿಯಿವೆ ಎಂದುಕೊಳ್ಳಬಹುದೇ?

ಉತ್ತರ: ಬ್ಯಾಂಕಿನ ವಕೀಲರು ಬ್ಯಾಂಕಿಗೆ ಉತ್ತರದಾಯಿಗಳು, ನಿಮಗಲ್ಲ.

ಪ್ರಶ್ನೆ: ಹೊಸ ಯೋಜನೆಯೊಂದರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಬರುವ ಮೊದಲೇ ಮುಂಗಡ ಕೊಟ್ಟರೆ ರಿಯಾಯಿತಿ ಎನ್ನುತ್ತಿದ್ದಾರೆ.

ಉತ್ತರ: ನೋಂದಣಿ ಕಡ್ಡಾಯವಿರುವ ಯೋಜನೆಯಲ್ಲಿ ಅದಕ್ಕೆ ಮೊದಲು ಜಾಹೀರಾತನ್ನೂ ಕೊಡುವಂತಿಲ್ಲ, ಬುಕಿಂಗನ್ನೂ ಪಡೆಯುವಂತಿಲ್ಲ. ನೋಂದಣಿಯಾದ ಮೇಲೂ, ನೋಂದಾಯಿತ ಮಾರಾಟ ಕರಾರಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ.

ಪ್ರಶ್ನೆ: ಕ್ರಯಪತ್ರವಿಲ್ಲದೆ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರದ ಮೇಲೆ ಮನೆ ಅಗ್ಗವಾಗಿ ಸಿಗುತ್ತಿದೆ.

ಉತ್ತರ: ಅಂಥ ಪತ್ರದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ನನ್ನಿಂದ ಮತ್ತೆ ಹೇಳಿಸಬೇಡಿ.

ಪ್ರಶ್ನೆ: ದಕ್ಷಿಣದ ಬಾಗಿಲಿನ ಮನೆ ಕೊಳ್ಳಬಹುದೇ?

ಉತ್ತರ: ಓಸಿ ಇದೆಯೇ?