ವಿಂಡೋಸ್ 7 ಇರುವ ಪ್ರೆಸ್ ಕಂಪ್ಯೂಟರಿಗೆ ಹೊಸ ಕೋರೆಲ್ ಹಾಕಬಹುದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಡೊಂಬಿವಿಲಿಯ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುತ್ತೀರಿ. ಕಂಪ್ಯೂಟರಿನಲ್ಲಿ ವಿಂಡೋಸ್ 7. ಗಿರಾಕಿಗಳು ಹೊಸ ಕೋರೆಲ್‌ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರಿನಲ್ಲಿ ಮಾಡಿದ ಫೈಲ್ ಕಳಿಸುತ್ತಾರೆ, ನಿಮ್ಮ ಹಳೇ ಕೋರೆಲ್ ಅದನ್ನು ತೆರೆಯುವುದಿಲ್ಲ. ಹೊಸದು ಹಾಕಲು ಹೋದರೆ ಎರರ್ ಬರುತ್ತದೆ. ವಿಂಡೋಸ್ ಬದಲಾಯಿಸಿದರೆ ಕಟಿಂಗ್ ಪ್ಲಾಟರ್ರೂ (ಡಿಸೈನಿನ ಗೆರೆಯಂತೆ ಕತ್ತರಿಸುವ ಯಂತ್ರ) ನಿಲ್ಲುತ್ತದೆ, ನುಡಿ ಫಾಂಟೂ ಹೋಗುತ್ತದೆ ಅಂತ ಪ್ರೆಸ್ ಮಾಲೀಕ ಶೇಠ್ ಒಪ್ಪುತ್ತಿಲ್ಲ. ಪಕ್ಕದ ಅಂಗಡಿ ಹುಡುಗ ಪ್ಯಾಚ್ ಮಾಡಿದ ಕಾಪಿ ಹಾಕಿಕೊಡುತ್ತೇನೆ ಅನ್ನುತ್ತಿದ್ದಾನೆ. ಹಾಕಿಸಿಕೊಳ್ಳಲೇ?

ಬೇಡ. ಆ ಮಷೀನಿಗೆ ಹೊಸ ಕೋರೆಲ್ ತುರುಕುವ ಯೋಚನೆಯನ್ನೇ ಬಿಡಿ. ನಿಮಗೆ ಬೇಕಾಗಿರುವುದು ಗಿರಾಕಿಯ ಫೈಲ್ ತೆರೆದುಕೊಳ್ಳುವುದು. ಅದಕ್ಕೆ ಬೇರೆ ದಾರಿಗಳಿವೆ, ಮತ್ತು ಅವು ಅಗ್ಗ. ನಾನು ಲೋವರ್ ಪರೇಲ್ ಕಡೆ ಪ್ರಿಪ್ರೆಸ್, ಅಂದರೆ ಫೈಲನ್ನು ಪ್ರಿಂಟಿಗೆ ಸಿದ್ಧ ಮಾಡುವ ಕೆಲಸದಲ್ಲಿದ್ದೇನೆ. ನಮ್ಮ ಮೂಲೆಯಲ್ಲೂ ಒಂದು ವಿಂಡೋಸ್ 7 ಇನ್ನೂ ಓಡುತ್ತಿದೆ. ಅದಕ್ಕೆ ಹೊಸದೇನನ್ನೂ ಹಾಕುವುದಿಲ್ಲ, ಕೆಲಸವೂ ನಿಂತಿಲ್ಲ.

ಮೊದಲು ಆ ಎರರ್ ಬಗ್ಗೆ. ಬಾಕ್ಸ್ ಬಂದ ಕೂಡಲೇ ಓಕೆ ಒತ್ತಿಬಿಡುವುದು ನಮ್ಮೆಲ್ಲರ ಅಭ್ಯಾಸ, ಅಲ್ವಾ? ಈ ಸಲ ಒಳಗಿರುವ ಹೆಸರು ಓದಿ. ‘ಎಪಿಐ-ಎಂಎಸ್-ವಿನ್-ಸಿಆರ್‌ಟಿ’ ಅಂತ ಶುರುವಾಗುವ ಡಿಎಲ್ಎಲ್ (ಸಾಫ್ಟ್‌ವೇರ್ ಓಡಲು ಬೇಕಾದ ಸಹಾಯಕ ಫೈಲ್) ಸಿಗುತ್ತಿಲ್ಲ ಅಂತಿದ್ದರೆ ಅದಕ್ಕೆ ಮದ್ದಿದೆ. ಅದು ವಿಂಡೋಸ್ 10ರಲ್ಲಿ ಹುಟ್ಟಿನಿಂದಲೇ ಇರುವ ಭಾಗ. 7ಕ್ಕೆ ಮೈಕ್ರೋಸಾಫ್ಟ್ ಅದನ್ನು ಆಮೇಲೆ ಅಪ್‌ಡೇಟ್ ಆಗಿ ಕೊಟ್ಟಿತು, ನಂಬರ್ ಕೆಬಿ2999226. ಇನ್‌ಸ್ಟಾಲರಿನ ಡಿಜಿಟಲ್ ಸಹಿ ಸರಿಯಿಲ್ಲ ಅಂತ ತಕರಾರು ಬಂದರೆ 2019ರ ಕೆಬಿ4474419 ಹಾಕಿ ನೋಡಿ. ಹೊಸ ಬಗೆಯ ಸಹಿಯನ್ನು ಗುರುತಿಸಲು ಹಳೇ ವಿಂಡೋಸಿಗೆ ಅದು ಬೇಕು. ಈ ಎರಡೂ ಇದ್ದರೆ 7ಕ್ಕೆ ಅಂತಲೇ ಬಂದ ಸಾಫ್ಟ್‌ವೇರ್‌ಗಳ ಅರ್ಧ ಗೋಳು ಕಳೆಯುತ್ತದೆ.

ಆದರೆ ‘ಪ್ರೊಸೀಜರ್ ಎಂಟ್ರಿ ಪಾಯಿಂಟ್’ ಅಂತ ಶುರುವಾಗಿ ‘ಕರ್ನೆಲ್32.ಡಿಎಲ್ಎಲ್’ ಅಂತ ಮುಗಿಯುವ ಎರರ್ ಬಂತೋ, ಅಲ್ಲಿಗೆ ಕಂಪ್ಯೂಟರ್ ಮುಚ್ಚಿ ಚಹಾ ಕುಡಿಯಲು ಹೋಗಿ. ಸಾಫ್ಟ್‌ವೇರ್ ವಿಂಡೋಸನ್ನು ಒಂದು ಕೆಲಸ ಕೇಳುತ್ತಿದೆ, ಆ ಕೆಲಸ ವಿಂಡೋಸ್ 7ಕ್ಕೆ ಗೊತ್ತೇ ಇಲ್ಲ. ಇಂಟರ್‌ನೆಟ್ಟಿನಿಂದ ಆ ಡಿಎಲ್ಎಲ್ ಇಳಿಸಿಕೊಂಡು ಸಿಸ್ಟಮ್ ಫೋಲ್ಡರಿಗೆ ಹಾಕಿ ಅಂತ ಹೇಳುವವರು ಸಿಗುತ್ತಾರೆ. ಹಾಕಿದರೆ ಕೋರೆಲ್ಲೂ ಓಡುವುದಿಲ್ಲ, ಮಾರನೇ ದಿನ ವಿಂಡೋಸ್ ಏಳುವುದೂ ಅನುಮಾನ.

ಕಂಪ್ಯಾಟಿಬಿಲಿಟಿ ಮೋಡ್ ಕೂಡ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಇರುವುದು ಹಳೇ ಸಾಫ್ಟ್‌ವೇರನ್ನು ಹೊಸ ವಿಂಡೋಸಿನಲ್ಲಿ ಓಡಿಸಲು. ವಿಂಡೋಸಿನ ವರ್ಷನ್ ನಂಬರನ್ನು ಬೇರೆ ಹೇಳಿ ಸಾಫ್ಟ್‌ವೇರನ್ನು ನಂಬಿಸಬಹುದು, ಇಲ್ಲದ ಸಾಮರ್ಥ್ಯವನ್ನು ತಂದುಕೊಡಲು ಆಗುವುದಿಲ್ಲ. ಇದು ಕೋರೆಲ್ ಒಂದರ ಕಥೆಯೂ ಅಲ್ಲ. ನಕ್ಷೆ ಬಿಡಿಸುವ ಆಟೋಕ್ಯಾಡ್ ನೋಡಿ, 2020ರ ವರ್ಷನ್ ವಿಂಡೋಸ್ 7ರಲ್ಲಿ ಓಡುತ್ತಿತ್ತು, 2021ಕ್ಕೆ 8.1 ಆದರೂ ಬೇಕಾಯಿತು, 2022ಕ್ಕೆ 10 ಇಲ್ಲದೆ ಆಗಲಿಲ್ಲ. 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ, ಆಮೇಲೆ ಒಬ್ಬೊಬ್ಬರಾಗಿ ಕೈಬಿಟ್ಟರು.

ಪ್ಯಾಚ್ ಹುಡುಗನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಳ್ಳ ಕಾಪಿ ಹಾಕುವಾಗ ಮೊದಲ ಕೆಲಸವೇ ಆಂಟಿವೈರಸ್ ಆಫ್ ಮಾಡುವುದು. ಅದೂ ಸೆಕ್ಯುರಿಟಿ ಅಪ್‌ಡೇಟ್ ಬರದ ಮಷೀನಿನಲ್ಲಿ. 2017ರ ಮೇ ತಿಂಗಳಲ್ಲಿ ಫೈಲ್ ಲಾಕ್ ಮಾಡಿ ಹಣ ಕೇಳಿದ ವಾನಾಕ್ರೈ ವೈರಸ್ ನೆನಪಿದೆಯಾ? ಅದಕ್ಕೆ ಸಿಕ್ಕಿದ ಮಷೀನುಗಳಲ್ಲಿ ಹೆಚ್ಚಿನವು ವಿಂಡೋಸ್ 7. ಒಂದಕ್ಕೆ ಹೊಕ್ಕರೆ ನೆಟ್‌ವರ್ಕಿನಲ್ಲಿರುವ ಉಳಿದವಕ್ಕೂ ತಾನೇ ಹರಡುತ್ತಿತ್ತು. ಶೇಠ್‌ಗೆ ಬೇರೇನೂ ಹೇಳಬೇಡಿ. ಹಳೇ ಗಿರಾಕಿಗಳ ಫೈಲೆಲ್ಲ ಲಾಕ್ ಆದರೆ ಏನು ಮಾಡೋಣ ಅಂತ ಇಷ್ಟೇ ಕೇಳಿ.

ಈಗ ಫೈಲಿನ ವಿಷಯ. ಹೊಸ ಕೋರೆಲ್‌ನಲ್ಲಿ ಸೇವ್ ಆ್ಯಸ್ ಕೊಟ್ಟರೆ ಕೆಳಗೆ ವರ್ಷನ್ ಅಂತ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ನಿಮ್ಮ ವರ್ಷನ್ ಆರಿಸಿ ಸೇವ್ ಮಾಡಿ ಕಳಿಸಿದರೆ ನಿಮ್ಮಲ್ಲಿ ತೆರೆಯುತ್ತದೆ. ಬಹಳ ಡಿಸೈನರುಗಳು ಆ ಪಟ್ಟಿ ನೋಡಿಯೇ ಇರುವುದಿಲ್ಲ. ನಾನು ಒಂದು ಸ್ಕ್ರೀನ್‌ಶಾಟ್ ತೆಗೆದು, ಆ ಜಾಗಕ್ಕೆ ಕೆಂಪು ಸುತ್ತು ಹಾಕಿ ಇಟ್ಟುಕೊಂಡಿದ್ದೇನೆ. ಹೊಸ ಗಿರಾಕಿ ಬಂದರೆ ವಾಟ್ಸ್ಆ್ಯಪ್‌ನಲ್ಲಿ ಅದನ್ನೇ ಕಳಿಸುವುದು. ಹೊಸ ವರ್ಷನ್ನಿನ ಎಫೆಕ್ಟುಗಳು ಹಳೆಯದರಲ್ಲಿ ಬದಲಾಗಬಹುದು, ಅದಕ್ಕೆ ಜೊತೆಗೊಂದು ಜೆಪೆಗ್ ಕೇಳಿ. ಪಕ್ಕದಲ್ಲಿಟ್ಟು ಹೋಲಿಸಲು ಬೇಕು.

ಪಿಡಿಎಫ್ ಕೇಳುವುದಾದರೆ ಸುಮ್ನೆ ‘ಪಿಡಿಎಫ್ ಕಳಿಸಿ’ ಅನ್ನಬೇಡಿ. ಪಿಡಿಎಫ್/ಎಕ್ಸ್-1ಎ ಅನ್ನಿ, ಅದು ಪ್ರಿಂಟಿಗೆ ಅಂತಲೇ ಇರುವ ಪಿಡಿಎಫ್ ಬಗೆ. ಇದರಲ್ಲಿ ಟ್ರಾನ್ಸ್‌ಪರೆನ್ಸಿ (ನೆರಳಿನಂಥ ಪಾರದರ್ಶಕ ಭಾಗ) ಎಲ್ಲ ಚಪ್ಪಟೆಯಾಗಿರುತ್ತದೆ, ಬಣ್ಣ ಸಿಎಂವೈಕೆ (ಪ್ರಿಂಟಿನ ನಾಲ್ಕು ಶಾಯಿ) ಅಥವಾ ಸ್ಪಾಟ್ (ಬೇರೆಯಾಗಿ ಬೆರೆಸಿದ ಶಾಯಿ) ಮಾತ್ರ, ಫಾಂಟ್ ಒಳಗೇ ಇರಬೇಕು. ಇನ್ನೊಂದು ಬಗೆಯಾದ ಪಿಡಿಎಫ್/ಎಕ್ಸ್-4ರಲ್ಲಿ ಟ್ರಾನ್ಸ್‌ಪರೆನ್ಸಿ ಹಾಗೇ ಉಳಿಯುತ್ತದೆ. ಹಳೇ ಸಾಫ್ಟ್‌ವೇರ್ ಅದನ್ನು ಓದುವಾಗ ನೆರಳಿದ್ದ ಕಡೆ ಬಿಳಿ ಚೌಕ ಬಂದು ಕೂತಿರುತ್ತದೆ. ಇನ್‌ಡಿಸೈನ್ (ಪುಟವಿನ್ಯಾಸ ಸಾಫ್ಟ್‌ವೇರ್) ಫೈಲಾದರೆ ಅದನ್ನು ಐಡಿಎಂಎಲ್ ರೂಪದಲ್ಲಿ ಕೇಳಿ, ಇನ್‌ಡಿಸೈನ್ ಸಿಎಸ್4ರಿಂದ ಮುಂದಿನ ಎಲ್ಲ ವರ್ಷನ್ನುಗಳೂ ಅದನ್ನು ತೆರೆಯುತ್ತವೆ.

ಕನ್ನಡ ಇರುವ ಫೈಲುಗಳದ್ದು ಬೇರೆಯೇ ಪುರಾಣ. ಮುಂಬೈಯಲ್ಲಿ ಕನ್ನಡ ಮ್ಯಾಟರ್ ಅಂದರೆ ಮದುವೆ ಆಮಂತ್ರಣ, ಸಂಘಗಳ ಸ್ಮರಣ ಸಂಚಿಕೆ, ಯಕ್ಷಗಾನದ ಕರಪತ್ರ. ಅರ್ಧ ಊರಿನಿಂದ ಬರುತ್ತವೆ, ಅರ್ಧ ಇಲ್ಲೇ ತಯಾರಾಗುತ್ತವೆ. ನುಡಿಯ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಅಕ್ಷರ ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷೇ. ಫಾಂಟ್ ಇಲ್ಲದ ಮಷೀನಿನಲ್ಲಿ ತೆರೆದರೆ ‘ಶ್ರೀ ಗಣೇಶಾಯ ನಮಃ’ ಇದ್ದಲ್ಲಿ ತಲೆಬುಡವಿಲ್ಲದ ರೋಮನ್ ಅಕ್ಷರ. ಫಾಂಟ್ ಹಾಕಿದರೆ ಮತ್ತೆ ಸರಿಯಾಗುತ್ತದೆ. ಅಂದರೆ ಇದು ವಿಂಡೋಸಿನ ಮೇಲೆ ನಿಂತಿಲ್ಲ. ನಿಮ್ಮ ಹಳೇ ಮಷೀನಿನ ಫಾಂಟ್ಸ್ ಫೋಲ್ಡರಿನಿಂದ ಆ ಟಿಟಿಎಫ್ ಫೈಲುಗಳನ್ನು ಕಾಪಿ ಮಾಡಿ ಹೊಸ ವಿಂಡೋಸಿಗೆ ಹಾಕಿದರೆ ಅಲ್ಲೂ ಹಾಗೇ ಕಾಣುತ್ತದೆ. ನುಡಿ ಹೋಗುತ್ತದೆ ಅನ್ನುವ ಶೇಠ್ ಭಯಕ್ಕೆ ಆಧಾರವಿಲ್ಲ.

ತೊಂದರೆ ಕೊಡುವುದು ಯುನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿ), ಅದೂ ಹಳೇ ಮಷೀನಿನಲ್ಲಿ. ಈಗಿನವರು ನಿರ್ಮಲಾ ಯುಐ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸುತ್ತಾರೆ. ಆ ಫಾಂಟ್ ಬಂದದ್ದೇ ವಿಂಡೋಸ್ 8ರಿಂದ, ನಿಮ್ಮ 7ರಲ್ಲಿ ಕನ್ನಡಕ್ಕಿರುವುದು ತುಂಗಾ. ಫಾಂಟ್ ಬದಲಾದರೆ ಸಾಲಿನ ಉದ್ದವೂ ಬದಲಾಗುತ್ತದೆ, ಮುಹೂರ್ತದ ಸಾಲು ಕೆಳಗಿಳಿದು ಬಾರ್ಡರ್ ದಾಟಬಹುದು. ಇನ್ನೂ ಹಳೇ ಕೋರೆಲ್ ಆದರೆ ಒತ್ತಕ್ಷರವೇ ಕೂಡುವುದಿಲ್ಲ. ‘ಪುತ್ರ’ ಅನ್ನುವುದು ಅರ್ಧ ತ, ಪಕ್ಕದಲ್ಲಿ ಬಿಡಿ ರ ಆಗಿ ಬೀಳುತ್ತದೆ. ವರನ ಅಪ್ಪ ಅದನ್ನು ಪ್ರಿಂಟ್ ಆದ ಮೇಲೆ ನೋಡಿದರೆ ನಿಮ್ಮ ಕಥೆ ಮುಗಿಯಿತು.

ಹಾಗಾಗಿ ಕನ್ನಡ ಇರುವ ಕೆಲಸಕ್ಕೆ ‘ಕರ್ವ್ ಮಾಡಿ ಕಳಿಸಿ’ ಅನ್ನಿ. ಅಕ್ಷರವೆಲ್ಲ ಚಿತ್ರರೇಖೆ ಆಗಿಬಿಟ್ಟರೆ ಯಾವ ಮಷೀನಿನಲ್ಲೂ ಒತ್ತು ಅಲ್ಲಾಡುವುದಿಲ್ಲ. ಆದರೆ ಕರ್ವ್ ಆದ ಮೇಲೆ ಒಂದು ಹೆಸರು ತಿದ್ದಲೂ ಆಗುವುದಿಲ್ಲ. ಮದುವೆ ಕಾರ್ಡಿನಲ್ಲಿ ಕೊನೇ ಗಳಿಗೆಯಲ್ಲಿ ಒಬ್ಬ ದೊಡ್ಡಪ್ಪನ ಹೆಸರು ಸೇರಿಸುವುದು ಇದ್ದೇ ಇದೆ. ಪ್ರಿಂಟಿಗೆ ಕರ್ವ್ ಫೈಲ್, ತಿದ್ದಲು ಕರ್ವ್ ಮಾಡದ ಫೈಲ್ ಮತ್ತು ಅದರ ಫಾಂಟ್, ಎಲ್ಲವನ್ನೂ ಒಂದೇ ಸಲ ಕೇಳಿ ಇಟ್ಟುಕೊಳ್ಳಿ.

ಇಷ್ಟು ಮಾಡಿದರೆ ಈ ಸೀಸನ್ ದಾಟುತ್ತದೆ. ಆಮೇಲೆ ಎರಡನೇ ಕಂಪ್ಯೂಟರ್ ಒಂದು ಬೇಕೇ ಬೇಕು. ಹಳೆಯದನ್ನು ತೆಗೆಯಬೇಡಿ, ಅದು ಪ್ಲಾಟರ್ ಜೊತೆಗೇ ಇರಲಿ. ಡಿಸೈನ್ ಹೊಸದರಲ್ಲಿ, ಕಟಿಂಗ್ ಹಳೆಯದರಲ್ಲಿ. ಕಟಿಂಗ್ ಪ್ಲಾಟರಿಗೆ ಬೇಕಾಗಿರುವುದು ಬರೀ ಗೆರೆ. ಹೊಸದರಿಂದ ಪಿಎಲ್‌ಟಿ, ಇಪಿಎಸ್ ಅಥವಾ ಹಳೇ ವರ್ಷನ್ನಿನ ಎಐ (ಇಲ್ಲಸ್ಟ್ರೇಟರ್) ಫೈಲ್ ಮಾಡಿ ಕೊಟ್ಟರೆ ಆ ಬದಿಯ ಸಾಫ್ಟ್‌ವೇರ್ ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ. ಶೇಠ್ ಹೇಳುವುದರಲ್ಲಿ ಪ್ಲಾಟರ್ ವಿಷಯ ಮಾತ್ರ ನಿಜ. ಹಳೇ ಪ್ಲಾಟರುಗಳಿಗೆ ಹೊಸ ವಿಂಡೋಸಿನ ಡ್ರೈವರ್ ಸಿಗದೇ ಹೋಗುವುದು ಸಾಮಾನ್ಯ.

ಹಳೇ ಮಷೀನ್ ಉಳಿಸಿಕೊಳ್ಳಲು ಇನ್ನೊಂದು ಕಾರಣ ಪೇಜ್‌ಮೇಕರ್ ಅನ್ನುವ ಹಳೇ ಪುಟವಿನ್ಯಾಸ ಸಾಫ್ಟ್‌ವೇರ್. ಸಂಘಗಳ ಹಳೇ ಸಂಚಿಕೆಗಳೆಲ್ಲ ಅದರಲ್ಲೇ ಇರುತ್ತವೆ. ಇನ್‌ಡಿಸೈನ್ ಸಿಎಸ್6ರ ತನಕ ಪೇಜ್‌ಮೇಕರ್ ಫೈಲ್ ತೆರೆಯುತ್ತಿತ್ತು, ಅದರ ನಂತರದ ಸಿಸಿ ವರ್ಷನ್ ಬಂದ ಮೇಲೆ ಆ ಬಾಗಿಲು ಮುಚ್ಚಿತು. ಸಿಎಸ್6 ನಿಮ್ಮಲ್ಲಿದ್ದರೆ ಅಳಿಸಬೇಡಿ. ಅದರಲ್ಲಿ ತೆರೆದು ಐಡಿಎಂಎಲ್ ಮಾಡಿಟ್ಟರೆ ಮುಂದೆ ಎಲ್ಲಾದರೂ ಬಳಸಬಹುದು. ಬಿಡುವಿದ್ದಾಗ ಈ ಕೆಲಸ ಮಾಡಿಬಿಡಿ.

ಎರಡೂ ಮಷೀನಿನ ನಡುವೆ ಫೈಲ್ ಸಾಗಿಸಲು ಒಂದು ಪೆನ್‌ಡ್ರೈವ್ ಸಾಕು. ಹಳೆಯದರಿಂದ ಇಂಟರ್‌ನೆಟ್ ಕೇಬಲ್ ಕಿತ್ತುಬಿಡಿ. ಕ್ರೋಮ್ ಕೂಡ ವಿಂಡೋಸ್ 7ಕ್ಕೆ 109ನೇ ವರ್ಷನ್‌ಗೇ ನಿಂತುಹೋಗಿದೆ, ಅದರಲ್ಲಿ ಕೂತು ಮೇಲ್ ನೋಡುವುದು ಒಳ್ಳೆಯದಲ್ಲ. ನೆಟ್‌ವರ್ಕ್ ಬೇಕೇ ಬೇಕು ಅಂತಿದ್ದರೆ, ಹಂಚಿದ ಫೋಲ್ಡರ್ ಕಾಣಿಸುತ್ತಿಲ್ಲ ಅಂತ ಯಾರಾದರೂ ಬಂದು ಹೊಸ ಮಷೀನಿನಲ್ಲಿ ಎಸ್ಎಂಬಿ1 (ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ಹಳೇ ವಿಧಾನ) ಆನ್ ಮಾಡಲು ಬಿಡಬೇಡಿ. ವಿಂಡೋಸ್ 7ಕ್ಕೆ ಎಸ್ಎಂಬಿ2 ಬರುತ್ತದೆ. 1 ಬೇಕಾಗುವುದು ಎಕ್ಸ್‌ಪಿಗೆ. ವಾನಾಕ್ರೈ ನುಗ್ಗಿದ್ದು ಅದೇ ಎಸ್ಎಂಬಿ1ರ ತೂತಿನಿಂದ.

ಹೊಸದು ಅಂದರೆ ಹೊಚ್ಚ ಹೊಸದೇ ಬೇಕಿಲ್ಲ. ಮುಂಬೈಯ ಕಂಪ್ಯೂಟರ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಒಂದು ಮಧ್ಯಾಹ್ನ ಹೋಗಿ, ಕಂಪನಿಗಳು ಬಳಸಿ ಬಿಟ್ಟ ಡೆಸ್ಕ್‌ಟಾಪುಗಳು ಸಿಗುತ್ತವೆ. ‘ಐ5 ಹೈ, ಚಲೇಗಾ’ ಅನ್ನುತ್ತಾರೆ. ಪ್ರೊಸೆಸರ್ ಯಾವ ಜನರೇಷನ್ ಅಂತ ಕೇಳಿ. ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆದ್ದರಿಂದ 11 ಓಡಬೇಕು. ಅದಕ್ಕೆ ಇಂಟೆಲ್ ಆದರೆ 8ನೇ ಜನರೇಷನ್ ಅಥವಾ ಮೇಲಿನದು ಮತ್ತು ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಬೇಕು. 4ನೇ, 6ನೇ ಜನರೇಷನ್ನಿನದ್ದು ಅಗ್ಗಕ್ಕೆ ಸಿಗುತ್ತದೆ ಅಂತ ತಂದರೆ ಇದೇ ಪ್ರಶ್ನೆ ಮತ್ತೆ ಕೇಳಬೇಕಾಗುತ್ತದೆ. ರ್‍ಯಾಮ್ 16 ಜಿಬಿ ಇರಲಿ, ಎಸ್ಎಸ್‌ಡಿ ಇರಲೇಬೇಕು. ಅಂಗಡಿ ಬಿಡುವ ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರ್ ಹೆಸರು ನೀವೇ ಓದಿ.

ನಿಮ್ಮ ಪ್ಲಾಟರ್ ಯಾವ ಮಾಡೆಲ್, ಯುಎಸ್‌ಬಿಯೋ ಹಳೇ ಸೀರಿಯಲ್ ಪೋರ್ಟೋ, ಕೋರೆಲ್ ಯಾವ ವರ್ಷನ್ ಅಂತ ಬರೆಯಿರಿ. ಯುಎಸ್‌ಬಿ ಆದರೆ ಹೊಸ ಮಷೀನಿನೊಳಗೇ ವರ್ಚುವಲ್ ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನಂತೆ ಓಡುವ ಸಾಫ್ಟ್‌ವೇರ್) ಹಳೇ ವಿಂಡೋಸ್ ಹಾಕಿ ಓಡಿಸಬಹುದೇ ಅಂತ ನೋಡೋಣ.