ಓದುಗರ ಪ್ರಶ್ನೆ: ಗ್ಯಾಸ್ ಮೀಟರಿನ ಸೊನ್ನೆಯನ್ನು ನಂಬಬಹುದೇ?

ಟ್ಯಾಂಕು, ಗುಂಡಿಗಳಿಗೆ ಇಳಿಯುವ ಮುನ್ನ ಗಾಳಿ ನೋಡುವ ಕೈ ಮೀಟರುಗಳ ಕ್ಯಾಲಿಬ್ರೇಶನ್ (ಗೊತ್ತಿರುವ ಪ್ರಮಾಣದ ಅನಿಲ ಕೊಟ್ಟು ಅಂಕಿಯನ್ನು ಸರಿಹೊಂದಿಸುವುದು) ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಉತ್ತರ. ಇಲ್ಲಿ ಮೀಟರ್ ಅಂದರೆ ಆಮ್ಲಜನಕ, ಉರಿಯುವ ಅನಿಲ, ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್ ನಾಲ್ಕನ್ನೂ ಅಳೆಯುವ ಸಾಮಾನ್ಯ ಮೀಟರ್.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧೀಕರಣ ಘಟಕ) ಒಂದು ಮೀಟರ್ ಇದೆ. ಬೆಳಿಗ್ಗೆ ಆನ್ ಮಾಡಿದರೆ ಆಕ್ಸಿಜನ್ 20.9, ಉಳಿದ ಮೂರೂ ಸೊನ್ನೆ. ಆರು ತಿಂಗಳಿಗೊಮ್ಮೆ ಏಜೆನ್ಸಿಯವರು ಬಂದು ಕ್ಯಾಲಿಬ್ರೇಶನ್ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ಇಷ್ಟು ಸಾಲದೇ?
– ಎಸ್‌ಟಿಪಿ ಮೇಲ್ವಿಚಾರಕರು, ಬೆಂಗಳೂರು

ಉತ್ತರ: ಸಾಲದು. ಹೊರಗಿನ ಗಾಳಿಯಲ್ಲಿ ಸೊನ್ನೆ ತೋರಿಸಲು ಸೆನ್ಸರ್ ಜೀವಂತವಾಗಿರಬೇಕೆಂದೇನೂ ಇಲ್ಲ. ಸತ್ತ ಸೆನ್ಸರೂ ಸೊನ್ನೆಯನ್ನೇ ತೋರಿಸುತ್ತದೆ.

ಉರಿಯುವ ಅನಿಲದ ಸೆನ್ಸರನ್ನೇ ನೋಡಿ. ಲೋಹದ ಜಾಲರಿಯ ಹಿಂದೆ ಸಾಸಿವೆ ಕಾಳಿನಷ್ಟು ಚಿಕ್ಕ ಎರಡು ಮಣಿಗಳಿರುತ್ತವೆ. ಎರಡರ ಒಳಗೂ ಪ್ಲಾಟಿನಂ ತಂತಿಯ ಸುರುಳಿ ಇರುತ್ತದೆ, ಅನಿಲ ಉರಿಯಲು ನೆರವಾಗುವ ಕೆಟಲಿಸ್ಟ್ ಲೇಪನ ಮಾತ್ರ ಒಂದಕ್ಕೇ. ಮೀಥೇನ್ ಬಂದರೆ ಲೇಪನದ ಮಣಿಯ ಮೇಲೆ ಉರಿಯುತ್ತದೆ, ಆ ಮಣಿ ಬಿಸಿಯಾಗುತ್ತದೆ, ತಂತಿಯ ರೋಧ ಹೆಚ್ಚುತ್ತದೆ. ಎರಡು ಮಣಿಗಳ ನಡುವಿನ ಈ ವ್ಯತ್ಯಾಸವೇ ಪರದೆಯ ಮೇಲಿನ ಅಂಕಿ. ಹತ್ತಿರದಲ್ಲಿ ಯಾರೋ ಸಿಲಿಕೋನ್ ಸ್ಪ್ರೇ ಹೊಡೆದರೆ, ಪೈಪಿಗೆ ಸಿಲಿಕೋನ್ ಸೀಲಂಟ್ ಹಚ್ಚಿದರೆ, ಅದರ ಆವಿ ಬಿಸಿ ಮಣಿಯ ಮೇಲೆ ಸುಟ್ಟು ಗಾಜಿನಂಥ ಪದರವಾಗಿ ಕೂರುತ್ತದೆ. ಅಲ್ಲಿಂದ ಮುಂದೆ ಗ್ಯಾಸ್ ಬಂದರೂ ಎರಡು ಮಣಿಗಳೂ ಒಂದೇ ಬಿಸಿಯಲ್ಲಿರುತ್ತವೆ. ಶುದ್ಧ ಗಾಳಿಯಲ್ಲಿ ಸೊನ್ನೆ, ಗ್ಯಾಸಿನಲ್ಲೂ ಸೊನ್ನೆ. ಏಜೆನ್ಸಿಯವರು ಹೋದ ಮರುದಿನವೇ ಹೀಗಾದರೆ ಗೊತ್ತಾಗುವುದು ಆರು ತಿಂಗಳ ನಂತರ.

ಆದ್ದರಿಂದ ಇಳಿಯುವ ದಿನ, ಇಳಿಯುವ ಮುಂಚೆ ಬಂಪ್ ಟೆಸ್ಟ್, ಅಂದರೆ ನಿಜವಾದ ಗ್ಯಾಸ್ ಬಿಟ್ಟು ಸೆನ್ಸರ್ ಎಚ್ಚರವಾಗಿದೆಯೇ ಎಂದು ನೋಡುವ ಪರೀಕ್ಷೆ, ಮಾಡಲೇಬೇಕು. ನಾಲ್ಕೂ ಅನಿಲಗಳ ಮಿಶ್ರಣವಿರುವ ಸಿಲಿಂಡರ್ ತರಿಸಿಕೊಳ್ಳಿ. ಸಾಮಾನ್ಯವಾಗಿ ಸಿಗುವುದರಲ್ಲಿ ಮೀಥೇನ್ 2.5%, ಆಕ್ಸಿಜನ್ 18%, ಕಾರ್ಬನ್ ಮಾನಾಕ್ಸೈಡ್ 100 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಎಂಬ ಲೆಕ್ಕ), ಹೈಡ್ರೋಜನ್ ಸಲ್ಫೈಡ್ 25 ಪಿಪಿಎಂ, ಉಳಿದದ್ದು ನೈಟ್ರೋಜನ್. ಮೀಟರಿನ ಮುಖಕ್ಕೆ ಕ್ಯಾಲಿಬ್ರೇಶನ್ ಕಪ್ ಕೂರಿಸಿ, ನಿಮಿಷಕ್ಕೆ ಅರ್ಧ ಲೀಟರಿನ ರೆಗ್ಯುಲೇಟರ್ ತೆರೆದು ಒಂದು ನಿಮಿಷ ಗ್ಯಾಸ್ ಬಿಡಿ. ನಾಲ್ಕೂ ಅಂಕಿಗಳು ಲೇಬಲ್ಲಿನ ಅಂಕಿಯ ಆಚೀಚೆ 10%ನೊಳಗೆ ಬಂದು, ಅಲಾರಂ ಕೂಗಿ, ದೀಪ ಮಿನುಗಿ, ಮೀಟರ್ ನಡುಗಿದರೆ ಸರಿ. 58 ಲೀಟರಿನ ಒಂದು ಸಿಲಿಂಡರಿನಲ್ಲಿ ಇಂಥ ನೂರು ಪರೀಕ್ಷೆ ಧಾರಾಳವಾಗಿ ಆಗುತ್ತವೆ. ಯಾವ ಅಂಕಿಯಾದರೂ ತಪ್ಪಿದರೆ ಪೂರ್ತಿ ಕ್ಯಾಲಿಬ್ರೇಶನ್ ಮಾಡಿ. ಅದರಲ್ಲೂ ತಪ್ಪಿದರೆ ಆ ಸೆನ್ಸರ್ ಬದಲಿಸುವವರೆಗೆ ಮೀಟರನ್ನು ಪಕ್ಕಕ್ಕಿಡಿ.

ಬಂಪ್ ಟೆಸ್ಟಿಗೆ ಪ್ರೊಪೇನ್ ಸಿಲಿಂಡರ್ ಅಗ್ಗ ಎಂದು ಯಾರಾದರೂ ಕೊಟ್ಟರೆ ಬೇಡವೆನ್ನಿ. ಲೇಪನ ಕೆಡುವಾಗ ಮಣಿ ಮೊದಲು ಕಳೆದುಕೊಳ್ಳುವುದು ಮೀಥೇನನ್ನು ಉರಿಸುವ ಶಕ್ತಿಯನ್ನು. ಪ್ರೊಪೇನಿನಲ್ಲಿ ಪಾಸಾದ ಸೆನ್ಸರ್ ಒಳಚರಂಡಿಯ ಮೀಥೇನಿಗೆ ಕುರುಡಾಗಿರಬಹುದು.

ಇನ್ನೊಂದು ಮಾತು. ಸುರಕ್ಷಾ ಸಾಧನಗಳಿಲ್ಲದೆ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಸರಿಯಾದ ಮೀಟರ್ ಕೈಯಲ್ಲಿದೆ ಎಂಬುದೊಂದೇ ಯಾರನ್ನೂ ಒಳಗಿಳಿಸಲು ಪರವಾನಗಿಯಲ್ಲ.

ಪ್ರಶ್ನೆ: ಕಾರ್ಖಾನೆಯಲ್ಲಿ ನಾವೇ ಕ್ಯಾಲಿಬ್ರೇಶನ್ ಮಾಡಿಕೊಳ್ಳುತ್ತೇವೆ. ಒಂದೇ ಜಾಗದಲ್ಲಿ ಎರಡು ಮೀಟರ್ ಇಟ್ಟರೆ ಉರಿಯುವ ಅನಿಲವನ್ನು ಒಂದು 20 ತೋರಿಸುತ್ತದೆ, ಇನ್ನೊಂದು 15. ಬಯೋಗ್ಯಾಸ್ ಡೈಜೆಸ್ಟರಿನ ಒಳಗೆ ಇಳಿಬಿಟ್ಟರೆ ಎರಡೂ ಒಮ್ಮೆ ಮೇಲೇರಿ ಸೊನ್ನೆಗೆ ಬೀಳುತ್ತವೆ. ಯಾವುದನ್ನು ನಂಬುವುದು?
– ಡಿಸ್ಟಿಲರಿ ಮೇಂಟೆನೆನ್ಸ್ ವಿಭಾಗ, ಬೆಳಗಾವಿ ಜಿಲ್ಲೆ

ಉತ್ತರ: ಡೈಜೆಸ್ಟರಿನ ವಿಷಯ ಮೊದಲು, ಏಕೆಂದರೆ ಅದು ಜೀವದ ಪ್ರಶ್ನೆ. ಆ ಸೊನ್ನೆಯನ್ನು ನಂಬಬೇಡಿ. ಮಣಿಯ ಮೇಲೆ ಮೀಥೇನ್ ಉರಿಯಲು ಆಮ್ಲಜನಕ ಬೇಕು, ಅದು ಸುಮಾರು 10%ಗಿಂತ ಕಡಿಮೆಯಾದರೆ ಅಂಕಿಗೆ ಅರ್ಥವಿಲ್ಲ. ಡೈಜೆಸ್ಟರಿನೊಳಗೆ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ, ಮೀಥೇನ್ ಅರ್ಧಕ್ಕಿಂತ ಹೆಚ್ಚು. ಅಂಕಿ ಮೇಲೇರಿ ಬಿದ್ದದ್ದು ಗ್ಯಾಸ್ ಇಲ್ಲವೆಂದಲ್ಲ, ಉರಿಯಲಾರದಷ್ಟು ಗ್ಯಾಸ್ ತುಂಬಿದೆಯೆಂದು. ಅಲ್ಲಿ ಇನ್‌ಫ್ರಾರೆಡ್ ಸೆನ್ಸರಿನ ಮೀಟರೇ ಬೇಕು, ಅದು ಗ್ಯಾಸನ್ನು ಉರಿಸದೆಯೇ ಅಳೆಯುತ್ತದೆ. ಉಳಿದ ಕಡೆಯೂ ಮೊದಲು ಆಕ್ಸಿಜನ್ ಅಂಕಿ ನೋಡಿ, ಆಮೇಲೆ ಉರಿಯುವ ಅನಿಲದ ಅಂಕಿ.

ಇನ್ನು 20 ಮತ್ತು 15ರ ವಿಷಯ. ಕ್ಯಾಲಿಬ್ರೇಶನ್ ಎಂದರೆ ಮೀಟರಿಗೆ "ಈಗ ನಿನ್ನ ಮುಂದಿರುವುದು ಇಷ್ಟು" ಎಂದು ಹೇಳಿಕೊಡುವುದು. ಹೇಳಿಕೊಡುವಾಗ ತಪ್ಪಿದರೆ ಆ ತಪ್ಪಿಗೆ ಒಂದು ದಿಕ್ಕಿರುತ್ತದೆ. ಒಂದು ದಿಕ್ಕಿನ ತಪ್ಪಿನಿಂದ ಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಸುಮ್ಮನೆ ಕೂಗುತ್ತದೆ. ಇನ್ನೊಂದು ದಿಕ್ಕಿನದರಿಂದ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಕೂಗಬೇಕಾದಲ್ಲಿ ಸುಮ್ಮನಿರುತ್ತದೆ. ಎರಡನೆಯದು ಕೊಲ್ಲುವ ತಪ್ಪು. ನಿಮ್ಮಲ್ಲಿ ಹುಡುಕಬೇಕಾದದ್ದು ಅದನ್ನೇ.

ಕಡಿಮೆ ತೋರಿಸುವಂತೆ ಮಾಡುವ ತಪ್ಪುಗಳಲ್ಲಿ ಮೊದಲನೆಯದು ಕೊಳಕು ಗಾಳಿಯಲ್ಲಿ ಝೀರೋ ಮಾಡುವುದು. ಜನರೇಟರ್ ಪಕ್ಕ, ಗಾಳಿಯಲ್ಲಿ ಕಾರ್ಬನ್ ಮಾನಾಕ್ಸೈಡ್ 15 ಪಿಪಿಎಂ ಇರುವಾಗ ಝೀರೋ ಒತ್ತಿದರೆ ಮೀಟರ್ ಆ 15ನ್ನೇ ಸೊನ್ನೆ ಎಂದುಕೊಳ್ಳುತ್ತದೆ. ಆಮೇಲೆ ಒಳ್ಳೆಯ ಗಾಳಿಗೆ ಬಂದಾಗ ಮೈನಸ್ ಅಂಕಿ ಕಾಣಿಸಿದರೆ ಇದೇ ಕಾರಣ. ಬಯಲಿಗೆ ಹೋಗಿ ಝೀರೋ ಮಾಡಿ, ಅದಾಗದಿದ್ದರೆ ಶುದ್ಧ ಗಾಳಿ ತುಂಬಿದ ಝೀರೋ ಏರ್ ಸಿಲಿಂಡರ್ ಬಳಸಿ. ಎರಡನೆಯದು ಪಂಪಿಲ್ಲದ ಮೀಟರಿಗೆ ಜೋರಾಗಿ ಗ್ಯಾಸ್ ಬಿಡುವುದು. ನಿಮಿಷಕ್ಕೆ ಅರ್ಧ ಲೀಟರ್ ಬೇಕಾದಲ್ಲಿ ಒಂದೂವರೆ ಲೀಟರ್ ಬಿಟ್ಟರೆ ಒತ್ತಡಕ್ಕೆ ಸೆನ್ಸರ್ ಹೆಚ್ಚು ಸಂಕೇತ ಕೊಡುತ್ತದೆ. ಮೀಟರ್ ಅದನ್ನು ಲೇಬಲ್ಲಿನ ಅಂಕಿಗೆ ಇಳಿಸಿಕೊಳ್ಳುತ್ತದೆ, ಕೆಲಸದ ಜಾಗದಲ್ಲೂ ಅಷ್ಟೇ ಇಳಿಸಿ ತೋರಿಸುತ್ತದೆ.

ಮೂರನೆಯದು ಹೆಚ್ಚಿನವರ ಗಮನಕ್ಕೆ ಬರುವುದೇ ಇಲ್ಲ. ಉರಿಯುವ ಅನಿಲದ ಅಂಕಿ ಎಂದರೆ, ಅದು ಹೊತ್ತಿಕೊಳ್ಳಲು ಗಾಳಿಯಲ್ಲಿ ಕನಿಷ್ಠ ಎಷ್ಟಿರಬೇಕೋ ಆ ಕೆಳಮಿತಿಯ ಶೇಕಡಾ ಎಷ್ಟು ಎಂಬುದು. ಮೀಥೇನ್ ಹೊತ್ತಿಕೊಳ್ಳುವ ಕೆಳಮಿತಿಯನ್ನು ಕೆಲವು ಮೀಟರುಗಳು 5% ಎಂದು, ಕೆಲವು 4.4% ಎಂದು ಲೆಕ್ಕ ಹಿಡಿಯುತ್ತವೆ. 2.5%ನ ಸಿಲಿಂಡರ್ ಮೊದಲನೆಯ ಲೆಕ್ಕದಲ್ಲಿ 50, ಎರಡನೆಯದರಲ್ಲಿ ಸುಮಾರು 57. 4.4ರ ಮೀಟರಿಗೆ 2.5%ನ ಸಿಲಿಂಡರ್ ಹಾಕಿ 50 ಎಂದು ಸೆಟ್ ಮಾಡಿದರೆ ಅದು ಪ್ರತಿ ಸಲವೂ ಕಡಿಮೆ ಹೇಳುತ್ತದೆ. ಸಿಲಿಂಡರಿನ ಮೇಲಿನ ಶೇಕಡಾವಾರನ್ನು ನೋಡಿ, ಮೀಟರಿನ ಸೆಟ್ಟಿಂಗ್ ನೋಡಿ, ಎರಡನ್ನೂ ಹೊಂದಿಸಿ. ನಿಮ್ಮ ಎರಡು ಮೀಟರುಗಳ ಜಗಳದ ಒಂದು ಭಾಗ ಇಲ್ಲೇ ಇರಬಹುದು.

ಹೆಚ್ಚು ತೋರಿಸುವ ದಿಕ್ಕಿನವು: ಅವಧಿ ಮೀರಿದ ಸಿಲಿಂಡರ್ (ಹೈಡ್ರೋಜನ್ ಸಲ್ಫೈಡ್ ಬೇಗ ಕುಗ್ಗುತ್ತದೆ, ಲೇಬಲ್ 25 ಎನ್ನುತ್ತದೆ, ಒಳಗೆ ಅಷ್ಟಿರುವುದಿಲ್ಲ), ಆ ಅನಿಲವನ್ನು ಹೀರಿಕೊಳ್ಳುವ ರಬ್ಬರ್ ಅಥವಾ ಉದ್ದನೆಯ ಟ್ಯೂಬ್, ಪಂಪಿರುವ ಮೀಟರಿಗೆ ಅರ್ಧ ಲೀಟರಿನ ರೆಗ್ಯುಲೇಟರ್. ಈ ಕೊನೆಯದರಲ್ಲಿ ಪಂಪ್ ಹೆಚ್ಚು ಎಳೆಯುತ್ತದೆ, ಕೊರತೆಗೆ ಹೊರಗಿನ ಗಾಳಿ ನುಗ್ಗಿ ಗ್ಯಾಸ್ ತೆಳುವಾಗುತ್ತದೆ. ಪಂಪಿನ ಮೀಟರಿಗೆ, ಪಂಪ್ ಎಳೆದಷ್ಟನ್ನೇ ಬಿಡುವ ಡಿಮ್ಯಾಂಡ್ ಫ್ಲೋ ರೆಗ್ಯುಲೇಟರ್ ಬೇಕು. ಕೊಲ್ಲುವ ತಪ್ಪಲ್ಲವೆಂದು ಇವನ್ನು ಕಡೆಗಣಿಸಬೇಡಿ. ಸುಮ್ಮಸುಮ್ಮನೆ ಕೂಗುವ ಮೀಟರಿನ ಬಾಯಿಗೆ ಟೇಪ್ ಅಂಟಿಸುವವರು ಇದ್ದಾರೆ.

ಪ್ರಶ್ನೆ: ಮಂಗಳೂರಿನಲ್ಲಿ ಕ್ಯಾಲಿಬ್ರೇಶನ್ ಮಾಡಿಸಿ ಮಡಿಕೇರಿಗೆ ಒಯ್ದೆವು. ಬಯಲಿನಲ್ಲೇ ಆಕ್ಸಿಜನ್ ಅಲಾರಂ. ಮೀಟರ್ ಕೆಟ್ಟಿದೆಯೇ?
– ಗುತ್ತಿಗೆದಾರರು, ದಕ್ಷಿಣ ಕನ್ನಡ

ಉತ್ತರ: ಕೆಟ್ಟಿರಲಾರದು. ಕೆಲವು ಆಕ್ಸಿಜನ್ ಸೆನ್ಸರುಗಳು ಆಮ್ಲಜನಕದ ಪಾಲನ್ನಲ್ಲ, ಅದರ ಒತ್ತಡವನ್ನು ಅಳೆಯುತ್ತವೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 87%. ಆಮ್ಲಜನಕದ ಪಾಲು 20.9 ಆಗಿಯೇ ಇದ್ದರೂ ಅಂಥ ಸೆನ್ಸರ್ ಸುಮಾರು 18.2 ಎನ್ನುತ್ತದೆ. ಅಲಾರಂ 19.5ಕ್ಕೇ ಕೂಗುತ್ತದೆ. ಘಟ್ಟ ಹತ್ತಿದ ಮೇಲೆ ಅರ್ಧ ಗಂಟೆ ಬಿಟ್ಟು, ಕೆಲಸದ ಜಾಗದ ಹತ್ತಿರದ ಬಯಲಲ್ಲಿ ಫ್ರೆಶ್ ಏರ್ ಕ್ಯಾಲಿಬ್ರೇಶನ್ (ಅಲ್ಲಿನ ಗಾಳಿಯನ್ನೇ 20.9 ಎಂದು ಹೊಂದಿಸುವುದು) ಮಾಡಿ. ಕೆಳಗಿಳಿದ ಮೇಲೆ ಮತ್ತೆ ಮಾಡುವುದನ್ನು ಮಾತ್ರ ಮರೆಯಬೇಡಿ. ಮೇಲೆ ಹೊಂದಿಸಿದ ಮೀಟರ್ ಮಂಗಳೂರಿನ ಗುಂಡಿಯಲ್ಲಿ 18.2% ಆಮ್ಲಜನಕವಿದ್ದರೂ ಅದನ್ನು 20.9 ಎಂದು ತೋರಿಸುತ್ತದೆ.

ಪ್ರಶ್ನೆ: ಮೀಟರ್ ಇಟ್ಟಿರುವ ಕೋಣೆಯಲ್ಲೇ ಕಾರ್ಬನ್ ಮಾನಾಕ್ಸೈಡ್ 30, 40 ತೋರಿಸುತ್ತದೆ. ಅಲ್ಲಿ ಹೊಗೆಯೂ ಇಲ್ಲ, ಎಂಜಿನ್ನೂ ಇಲ್ಲ.
– ಓದುಗರೊಬ್ಬರು, ಮೈಸೂರು

ಉತ್ತರ: ಮುಟ್ಟುವ ಮುನ್ನ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡಿರಾ? ಆಲ್ಕೋಹಾಲ್ ಆವಿಗೆ ಈ ಸೆನ್ಸರ್ ಪ್ರತಿಕ್ರಿಯಿಸುತ್ತದೆ. ಬ್ಯಾಟರಿ ಚಾರ್ಜ್ ಆಗುವ ಜಾಗವಾದರೆ ಹೈಡ್ರೋಜನ್ ಕೂಡ ಇದೇ ಆಟ ಆಡುತ್ತದೆ. ಹೊರಗೆ ಗಾಳಿಗಿಟ್ಟರೆ ಅಂಕಿ ಇಳಿಯಬೇಕು. ಇಳಿಯುವ ಮೊದಲೇ ಅವಸರಕ್ಕೆ ಝೀರೋ ಒತ್ತಬೇಡಿ. ಮೀಟರನ್ನು ಒರೆಸಲು ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು.

ಪ್ರಶ್ನೆ: ಹೊಸ ಹೈಡ್ರೋಜನ್ ಸಲ್ಫೈಡ್ ಸೆನ್ಸರ್ ಹಾಕಿದ ತಕ್ಷಣ ಕ್ಯಾಲಿಬ್ರೇಶನ್ ಮಾಡಿದೆ, ಫೇಲ್ ಎಂದಿತು. ಸೆನ್ಸರ್ ವಾಪಸ್ ಕಳಿಸಲೇ?
– ಇನ್‌ಸ್ಟ್ರುಮೆಂಟ್ ಟೆಕ್ನೀಷಿಯನ್, ಹುಬ್ಬಳ್ಳಿ

ಉತ್ತರ: ಕಳಿಸುವ ಮುಂಚೆ ಸೆನ್ಸರನ್ನು ಹೊರತೆಗೆದು ಕಾಲುಗಳನ್ನು ನೋಡಿ. ಎರಡು ಕಾಲುಗಳಿಗೆ ಕೂದಲೆಳೆಯಂಥ ಸ್ಪ್ರಿಂಗ್ ಅಥವಾ ತಂತಿ ಸಿಕ್ಕಿಸಿರುತ್ತಾರೆ, ಗೋದಾಮಿನಲ್ಲಿರುವಾಗ ಎಲೆಕ್ಟ್ರೋಡುಗಳು ಸಮಸ್ಥಿತಿಯಲ್ಲಿರಲಿ ಎಂದು. ಅದನ್ನು ತೆಗೆಯದೆ ಹಾಕಿದರೆ ಗ್ಯಾಸ್ ಎಷ್ಟು ಬಿಟ್ಟರೂ ಮೀಟರಿಗೆ ಸಂಕೇತ ಸರಿಯಾಗಿ ತಲುಪದು. ತೆಗೆದಿದ್ದೀರಾದರೆ ಕಾಯದೇ ಇದ್ದದ್ದೇ ತಪ್ಪು. ಬ್ಯಾಟರಿ ಜೋಡಿಸಿದ ಸ್ಥಿತಿಯಲ್ಲಿ ಕೆಲವು ಗಂಟೆ, ಸಾಧ್ಯವಾದರೆ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಮೊದಲು ಝೀರೋ, ಆಮೇಲೆ ಸ್ಪ್ಯಾನ್ (ಸಿಲಿಂಡರಿನ ಗ್ಯಾಸ್ ಬಿಟ್ಟು ಲೇಬಲ್ಲಿನ ಅಂಕಿಗೆ ಹೊಂದಿಸುವುದು) ಮಾಡಿ. ಟೆಫ್ಲಾನ್ ಒಳಪದರದ ಗಿಡ್ಡ ಟ್ಯೂಬ್ ಬಳಸಿ, ಅಂಕಿ ಏರುವುದು ನಿಂತ ಮೇಲೆ ಮಾತ್ರ ಒಪ್ಪಿಕೊಳ್ಳಿ. ಈ ಸೆನ್ಸರ್ ನಿಧಾನದ್ದು, ಪೂರ್ತಿ ಅಂಕಿ ಕಾಣಲು ಒಂದೆರಡು ನಿಮಿಷ ಬೇಕಾಗಬಹುದು. ಅದೇ ನಿಧಾನ ಗುಂಡಿಯ ಬಾಯಲ್ಲೂ ನೆನಪಿರಲಿ: ಗುಂಡಿಯ ಗಾಳಿ ಎಳೆಯುವ ಟ್ಯೂಬನ್ನು ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ನಿಲ್ಲಿಸಿ, ಪ್ರತಿ ಅಡಿ ಟ್ಯೂಬಿಗೆ ಎರಡು ಸೆಕೆಂಡಿನಂತೆ ಸೇರಿಸಿ, ಅದರ ಮೇಲೆ ಇನ್ನೆರಡು ನಿಮಿಷ ಕಾದು ಅಂಕಿ ಬರೆದುಕೊಳ್ಳಿ.