ಟವೆಲ್ ಎಸೆದರೆ ಸೀಟು ಸಿಕ್ಕಿತೇ, ಹೋಯಿತೇ?

ಪ್ರಶ್ನೆ: ಅಧ್ಯಕ್ಷ ಸ್ಥಾನದ ಆಕಾಂಕ್ಷಿಯೊಬ್ಬರು ‘ಥ್ರೂ ಇನ್ ದ ಟವೆಲ್’ ಎಂದು ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಓದಿ, ಅವರು ಆ ಕುರ್ಚಿಗೆ ಟವೆಲ್ ಹಾಕಿದ್ದಾರೆಂದು ತಿಳಿದೆ. ಕಾಲೇಜಿಗೆ ಹೋಗುವ ಮಗಳು ಅರ್ಥ ಅದಲ್ಲವೆಂದು ನಕ್ಕಳು. ಈ ಮಾತು ಎಲ್ಲಿಯದು? ಕನ್ನಡದಲ್ಲಿ ಏನೆನ್ನಬೇಕು?
— ಓದುಗರೊಬ್ಬರು, ಹಾಸನ

ಉತ್ತರ: ಮಗಳು ಹೇಳಿದ್ದೇ ಸರಿ, ಆದರೆ ನೀವು ಎಡವಿದ್ದರಲ್ಲಿ ಆಶ್ಚರ್ಯವೇನಿಲ್ಲ. ನಿಲ್ದಾಣಕ್ಕೆ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯೊಳಗಿಂದ ಟವೆಲನ್ನು ಸೀಟಿನ ಮೇಲೆ ಎಸೆದು, ಆಮೇಲೆ ನಿಧಾನವಾಗಿ ಬಾಗಿಲಿಗೆ ಬಂದು ಹತ್ತುವ ನಮಗೆ ಟವೆಲ್ ಎಂದರೆ ಹಕ್ಕು ಸ್ಥಾಪನೆ. ಇಂಗ್ಲಿಷಿನ ಈ ಟವೆಲ್ ಹಕ್ಕು ಬಿಟ್ಟುಕೊಡುವ ಟವೆಲ್.

ಅದು ಬಾಕ್ಸಿಂಗ್ ಕಣದಿಂದ ಬಂದದ್ದು. ಸುತ್ತುಗಳ ನಡುವಿನ ಒಂದು ನಿಮಿಷದ ಬಿಡುವಿನಲ್ಲಿ ಬೆವರು, ರಕ್ತ ಒರೆಸಲೆಂದು ಮೂಲೆಯ ಸಹಾಯಕನ ಬಳಿ ಟವೆಲ್ ಇರುತ್ತದೆ. ತನ್ನವನು ಇನ್ನು ಏಟು ತಾಳಲಾರ ಎನ್ನಿಸಿದಾಗ ಅವನು ಅದನ್ನೇ ಕಣದೊಳಕ್ಕೆ ಎಸೆಯುತ್ತಾನೆ. ‘ಇನ್’ ಎಂಬ ಪುಟ್ಟ ಪದದಲ್ಲಿರುವುದು ಆ ‘ಒಳಕ್ಕೆ’. 19ನೇ ಶತಮಾನದಲ್ಲಿ ಈ ಕೆಲಸ ಸ್ಪಂಜಿನದಾಗಿತ್ತು, ನುಡಿಗಟ್ಟಿನಲ್ಲೂ ಸ್ಪಂಜೇ ಇತ್ತು. 20ನೇ ಶತಮಾನದ ಆರಂಭದಲ್ಲಿ ಟವೆಲ್ ಅದರ ಜಾಗಕ್ಕೆ ಬಂತು.

ಗಮನಿಸಿ, ಕಣದಲ್ಲಿ ಟವೆಲ್ ಎಸೆಯುವವನು ಹೊಡೆದಾಡುವವನಲ್ಲ. ಸೋಲೊಪ್ಪುವ ನಿರ್ಧಾರ ಹೆಚ್ಚಾಗಿ ಅವನ ಪಾಳಯದ್ದು. 1975ರಲ್ಲಿ ಮನಿಲಾದಲ್ಲಿ ಮುಹಮ್ಮದ್ ಅಲಿಯ ಎದುರು 14 ಸುತ್ತು ಕಾದಾಡಿ ಕಣ್ಣು ಬಾತು ಕಾಣದಂತಾಗಿದ್ದರೂ ಜೋ ಫ್ರೇಜಿಯರ್ 15ನೆಯದಕ್ಕೆ ಸಿದ್ಧನಿದ್ದ. ನಿಲ್ಲಿಸಿದವರು ತರಬೇತುದಾರ ಎಡ್ಡಿ ಫಚ್. ದಿನಬಳಕೆಯ ಇಂಗ್ಲಿಷಿನಲ್ಲಿ ಮಾತ್ರ ಮನುಷ್ಯ ತನ್ನ ಟವೆಲನ್ನು ತಾನೇ ಎಸೆಯುತ್ತಾನೆ.

ಇನ್ನೊಂದು ಸೂಕ್ಷ್ಮವಿದೆ. ಹೋರಾಟಕ್ಕೇ ಇಳಿಯದವನಿಗೆ ಈ ಮಾತು ಒಪ್ಪುವುದಿಲ್ಲ. ಅಂಗಮಾರಿ ರೋಗಕ್ಕೆ ವರ್ಷವರ್ಷವೂ ಔಷಧಿ ಹೊಡೆದು, ಬಿತ್ತನೆಗೆಡ್ಡೆ ಬದಲಿಸಿ ನೋಡಿ, ಕೊನೆಗೆ ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ ಹೊರಳಿದ ನಮ್ಮ ಕಡೆಯ ರೈತನಿಗೆ ಅದು ಒಪ್ಪುತ್ತದೆ; ಮಳೆ ನೋಡಿಯೇ ಬಿತ್ತನೆ ಬೇಡವೆಂದವನಿಗೆ ಒಪ್ಪದು. ಕನ್ನಡದಲ್ಲಿ ಇದಕ್ಕೆ ತೀರ ಹತ್ತಿರದ ಮಾತು ‘ಕೈಚೆಲ್ಲು’. ‘ಶಸ್ತ್ರ ಕೆಳಗಿಡು’ ಎಂಬುದೂ ನಡೆಯುತ್ತದೆ, ನನ್ನ ಕಿವಿಗೆ ಅದು ತುಸು ಭಾರ.

ನೀವು ಓದಿದ ಸುದ್ದಿಗೆ ‘ಪೈಪೋಟಿಯಿಂದ ಹಿಂದೆ ಸರಿದರು’ ಎಂದರೆ ಸಾಕು. ‘ಟವೆಲ್ ಎಸೆದರು’ ಎಂದು ಪದಕ್ಕೆ ಪದವಿಟ್ಟು ಅನುವಾದಿಸಿದರೆ, ಹಾಸನದ ಅರ್ಧದಷ್ಟು ಓದುಗರು ಹಾರ ಹಿಡಿದು ಅವರನ್ನು ಅಭಿನಂದಿಸಲು ಹೊರಟಾರು.